ಮೊದಲು ಬ್ರೇಕು, ಆಮೇಲೆ ಪಿಕಪ್ಪು

ಮಳೆ ಹಿಂದೆಗೆದ ಮೇಲೆ ಸಕಲೇಶಪುರದಲ್ಲಿ ಮೊದಲು ಮೈಮುರಿದು ಏಳುವವು ಹೋಂಸ್ಟೇಗಳು. ಜೂನ್‌ನಿಂದ ಟಾರ್ಪಾಲಿನಡಿ ಮುದುಡಿದ್ದ ಪ್ಲಾಸ್ಟಿಕ್ ಕುರ್ಚಿ, ಟೆಂಟು, ಹಗ್ಗ, ಬ್ಯಾಡ್ಮಿಂಟನ್ ಬಲೆ ಎಲ್ಲ ಕಾಫಿ ಕಣಕ್ಕೆ ಬಂದು ಬಿಸಿಲು ಕಾಯುತ್ತವೆ. ಆಳುಗಳು ಗೋಡೆಯ ಪಾಚಿ ಉಜ್ಜಿ ಸುಣ್ಣ ಬಳಿಯುತ್ತಾರೆ. ದಸರೆ ರಜೆಗೆ ಬರುವ ಬೆಂಗಳೂರಿನವರು ಫೋನಿನಲ್ಲಿ ಊಟ ವಿಚಾರಿಸುವುದಕ್ಕೂ ಮುಂಚೆ ಕೇಳುವುದು, 'ಎಟಿವಿ ಇದೆಯಾ?' ಇದೆ. ಎರಡಿವೆ, ದಪ್ಪ ಟೈರಿನ ನಾಲ್ಕು ಚಕ್ರದ ಬಂಡಿಗಳು. ಒಂದು ಸ್ಟಾರ್ಟ್ ಆದ ಹಾಗೇ ಆರಿಹೋಗುತ್ತದೆ, ಇನ್ನೊಂದು ಗುಂಡಿ ಒತ್ತಿದರೆ 'ಟಿಕ್' ಎಂದೂ ಅನ್ನುವುದಿಲ್ಲ.

ಮಂಗಳೂರು ರಸ್ತೆಯ ಪಕ್ಕದ ತಗಡಿನ ಶೆಡ್ಡಿಗೆ ಇಂಥ ಬಂಡಿಗಳು ಬರುವ ಕಾಲ ಇದು. ಶೆಡ್ಡಿಗೆ ಬೋರ್ಡಿಲ್ಲ, ಕಂಬಕ್ಕೆ ತೂಗುಹಾಕಿದ ಹಳೇ ಟೈರೇ ಗುರುತು. ಎದುರಿಗೆ ಶಿರಾಡಿ ಘಾಟಿಯತ್ತ ಹೊರಟ ಲಾರಿಗಳ ಮೊರೆತ, ಹಿಂದೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ. ವರ್ಷಗಟ್ಟಲೆ ಎಣ್ಣೆ ಕುಡಿದ ನೆಲ ಕಪ್ಪಗೆ ಗಟ್ಟಿಯಾಗಿದೆ. ಹಲಗೆಗೆ ಮೊಳೆ ಹೊಡೆದು ಸ್ಪ್ಯಾನರ್‌ಗಳನ್ನು ತೂಗುಹಾಕಿ, ಪ್ರತಿಯೊಂದರ ಹಿಂದೆ ಬಿಳಿ ಬಣ್ಣದಲ್ಲಿ ಅದರದೇ ಆಕಾರ ಬರೆದಿದ್ದಾರೆ. ಯಾವುದು ಜಾಗದಲ್ಲಿಲ್ಲ ಎಂಬುದು ದೂರದಿಂದಲೇ ಗೊತ್ತಾಗಬೇಕು.

ಶೆಡ್ಡಿನ ಯಜಮಾನರನ್ನು ಊರೆಲ್ಲ ಕರೆಯುವುದು 'ಭಾಯ್' ಎಂದೇ. ಅವರ ಕೈ ಪಳಗಿದ್ದು ಯೆಜ್ಡಿ, ಆರ್‌ಎಕ್ಸ್ 100ಗಳ ಕಾಲದಲ್ಲಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಮಲೆನಾಡಿನ ಎಸ್ಟೇಟುಗಳಲ್ಲಿ ಆ ಬೈಕುಗಳು ಓಡುತ್ತಲೇ ಇದ್ದವು, ಭಾಯ್‌ಗೆ ಕೆಲಸವೂ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಜಾರಿಯಾದ ಮೇಲೆ ಹೊಸ ಬೈಕು, ಸ್ಕೂಟರ್‌ಗಳ ಬಹುಪಾಲು ಫ್ಯೂಯಲ್ ಇಂಜೆಕ್ಷನ್‌ಗೆ ಹೋದವು. ಪೇಟೆಯ ಹುಡುಗ ಮೆಕ್ಯಾನಿಕ್‌ಗಳು ಈಗ ಸ್ಕ್ಯಾನರ್ ಚುಚ್ಚಿ ರೋಗ ಓದುತ್ತಾರೆ. ಕಾರ್ಬೊರೇಟರ್ ಕಂಡರೆ ಮಾತ್ರ, 'ಭಾಯ್ ಹತ್ರ ಹೋಗಿ' ಎಂದು ಕೈ ತೋರಿಸುತ್ತಾರೆ.

ಪಿಕಪ್ ಗಾಡಿಯಿಂದ ಹಲಗೆ ಇಟ್ಟು ಎರಡು ಎಟಿವಿಗಳನ್ನು ಇಳಿಸಿದ್ದಾಯಿತು. ಒಂದು ಕೆಂಪು, ಒಂದು ಹಸಿರು. ಎರಡೂ ಚೀನಾದಲ್ಲಿ ತಯಾರಾದ 110 ಸಿಸಿಯವು. ಎಲ್ಲಕ್ಕಿಂತ ಕಡಿಮೆ ಬೆಲೆಗೆ ಸಿಗುವ ಜಾತಿ. ನಂಬರ್ ಪ್ಲೇಟ್ ಇಲ್ಲ, ರಸ್ತೆಗೆ ಇಳಿಸುವಂತೆಯೂ ಇಲ್ಲ. ಸೀಟಿನ ಮೇಲೆ ಇಲಿ ಕಡಿದ ತೂತು, ಮಡ್‌ಗಾರ್ಡಿನ ಒಳಗೆ ಹೋದ ಬೇಸಿಗೆಯ ಕೆಸರು ಒಣಗಿ ಹಕ್ಕಳೆಹಕ್ಕಳೆಯಾಗಿ ನಿಂತಿದೆ.

'ನಾಡಿದ್ದು ಗೆಸ್ಟ್ ಬರ್ತಾರೆ ಭಾಯ್. ಅಷ್ಟ್ರೊಳಗೆ ಇಂಜಿನ್ ಒಂದು ಸರಿ ಮಾಡ್ಕೊಡಿ' ಎಂದರು ತೋಟದ ಗೌಡರು.

ಭಾಯ್ ಇಂಜಿನ್ನಿನ ಹತ್ತಿರ ಹೋಗಲಿಲ್ಲ. ಕೆಂಪು ಬಂಡಿಯ ಹ್ಯಾಂಡಲ್ ಹಿಡಿದು ಎಡಗೈ ಲಿವರ್ ಒತ್ತಿದರು. ಲಿವರ್ ಮೆತ್ತಗೆ ಬಂದು ಹಿಡಿಗೇ ತಾಗಿತು. ಬಲಗಡೆಯದನ್ನು ಒತ್ತಿದರು. ಅದು ಒತ್ತಿದಲ್ಲೇ ನಿಂತಿತು, ವಾಪಸ್ ಬರಲಿಲ್ಲ.

'ಗೌಡ್ರೇ, ಇಂಜಿನ್ ಮಾಡ್ಕೊಡ್ತೀನಿ. ಬ್ರೇಕ್ ಆಗೋವರ್ಗೂ ಬಂಡಿ ಕೊಡಲ್ಲ, ನೋಡಿ.'

ಗೌಡರು ಟೀ ತರಿಸಲು ತೋಟದ ಹುಡುಗನನ್ನು ಕಳಿಸಿದರು. ಅದು ಒಪ್ಪಿಗೆ.

ಎಟಿವಿಯನ್ನು ಜನಪ್ರಿಯ ಮಾಡಿದ್ದು ಜಪಾನಿನವರು. ಹೋಂಡಾ 1970ರಲ್ಲಿ ಮೂರು ಚಕ್ರದ, ಬಲೂನಿನಂಥ ಟೈರಿನ ಬಂಡಿಯೊಂದನ್ನು ಅಮೆರಿಕದ ಮಾರುಕಟ್ಟೆಗೆ ಬಿಟ್ಟಿತು. ಅದು ತಿರುವಿನಲ್ಲಿ ಮಗುಚಿಕೊಳ್ಳುವುದಕ್ಕೆ ಹೆಸರಾಗಿ, ಕೊನೆಗೆ 1988ರಲ್ಲಿ ಅಲ್ಲಿನ ಸರ್ಕಾರದೊಂದಿಗಿನ ಒಪ್ಪಂದದಂತೆ ಕಂಪನಿಗಳು ಹೊಸ ತ್ರಿಚಕ್ರಿಗಳ ಮಾರಾಟ ನಿಲ್ಲಿಸಿದವು. ಅಷ್ಟರಲ್ಲಿ ಸುಜುಕಿ ನಾಲ್ಕು ಚಕ್ರದ್ದನ್ನು ತಂದಾಗಿತ್ತು. ಭಾಯ್ ಮುಂದಿರುವ ಅಗ್ಗದ ಬಂಡಿಯ ಇಂಜಿನ್ನಿನ ವಂಶ ಇನ್ನೂ ಹಳೆಯದು. 1958ರ ಹೋಂಡಾ ಸೂಪರ್ ಕಬ್‌ನಿಂದ ಬಂದ ಮಲಗಿದ ಸಿಲಿಂಡರಿನ ಇಂಜಿನ್ ಅದು, ಚೀನಾದ ಲೆಕ್ಕವಿಲ್ಲದಷ್ಟು ಕಾರ್ಖಾನೆಗಳು ನಕಲು ಮಾಡಿದ್ದು. ನಮ್ಮ ಸ್ಪ್ಲೆಂಡರ್ ಕೂಡ ಅದೇ ಬಳಗದ್ದು. ಹಾಗಾಗಿ ಸ್ಪ್ಲೆಂಡರ್ ಬಿಚ್ಚಿ ಗೊತ್ತಿರುವ ಯಾರಿಗೂ ಈ ಇಂಜಿನ್ ಪರದೇಶಿಯಲ್ಲ. ಅಗ್ಗದ ಬಂಡಿಯನ್ನು ಹೀಗಳೆಯುವವರು ಈ ಮಾತನ್ನು ಮರೆಯುತ್ತಾರೆ. ಇಂಜಿನ್ ಗಟ್ಟಿಯದೇ. ಕಂಪನಿ ಕಾಸು ಉಳಿಸಿರುವುದು ರಬ್ಬರು, ಕೇಬಲ್ಲು, ಸ್ವಿಚ್ಚು, ನಟ್ಟು ಬೋಲ್ಟಿನಲ್ಲಿ. ರೋಗವೆಲ್ಲ ಹುಟ್ಟುವುದೂ ಅಲ್ಲೇ.

ಭಾಯ್ ಕೆಂಪು ಬಂಡಿಯ ಚೋಕ್ ಎಳೆದು ಗುಂಡಿ ಒತ್ತಿದರು. ಇಂಜಿನ್ ಹತ್ತಿಕೊಂಡಿತು. ಚೋಕ್ ಬಿಟ್ಟರೆ ಕೆಮ್ಮಿ ಸತ್ತಿತು. ಮತ್ತೆ ಅರ್ಧ ಚೋಕಿನಲ್ಲಿ ಇಟ್ಟರು, ಓಡುತ್ತಿದೆ. ಹೆಬ್ಬೆರಳ ಥ್ರಾಟಲ್ ಬಿಟ್ಟರೆ ಆರುತ್ತದೆ.

'ಸ್ಲೋ ಜೆಟ್' ಎಂದರು, ಇನ್ನೂ ಒಂದು ಸ್ಕ್ರೂ ಕೂಡ ಬಿಚ್ಚದೆ.

ಲೆಕ್ಕ ನೇರ. ಚೋಕ್ ಎಂದರೆ ಗಾಳಿಯ ದಾರಿ ಕಿರಿದು ಮಾಡುವುದು. ಗಾಳಿ ಕಟ್ಟಿದಾಗ ಮಾತ್ರ ಓಡುತ್ತದೆ ಎಂದರೆ, ಇಂಜಿನ್ನಿಗೆ ಸಾಕಷ್ಟು ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಎಲ್ಲೋ ಕಳ್ಳದಾರಿಯಿಂದ ಗಾಳಿ ನುಗ್ಗುತ್ತಿದೆ. ಥ್ರಾಟಲ್ ಬಿಟ್ಟಾಗಲೇ ಸಾಯುತ್ತದೆ ಎಂದರೆ ಐಡ್ಲಿಂಗ್‌ನ ಸಣ್ಣ ದಾರಿ, ಅಂದರೆ ಸ್ಲೋ ಜೆಟ್, ಕಟ್ಟಿದೆ. ಥ್ರಾಟಲ್ ಕೊಟ್ಟಾಗ ಮಿಸ್ಸಿಂಗ್ ಬಂದಿದ್ದರೆ ಮೇನ್ ಜೆಟ್ಟಿನ ಮೇಲೆ ಅನುಮಾನ ಹೋಗುತ್ತಿತ್ತು. ಆದರೂ ಭಾಯ್ ನೇರ ಕಾರ್ಬೊರೇಟರಿಗೆ ಕೈ ಹಾಕಲಿಲ್ಲ. ಟ್ಯಾಂಕಿನ ಪೈಪ್ ಕಿತ್ತು ಬಾಟಲಿಗೆ ಹಿಡಿದರು. ಪೆಟ್ರೋಲ್ ತೊಟ್ಟಿಕ್ಕಿತು, ಧಾರೆಯಾಗಲಿಲ್ಲ. ಟ್ಯಾಂಕ್ ಮುಚ್ಚಳ ತೆಗೆದ ಕೂಡಲೇ ಧಾರೆಯಾಯಿತು. ಮುಚ್ಚಳದ ಗಾಳಿಕಂಡಿಗೆ ಕೆಸರು ಮೆತ್ತಿ, ಒಳಗೆ ನಿರ್ವಾತ ಕಟ್ಟಿಕೊಂಡಿತ್ತು. ಅರ್ಧ ರೋಗ ಅಲ್ಲೇ ಹೋಯಿತು. ಇಷ್ಟು ಸುಲಭದ್ದನ್ನು ನೋಡದೆ ಹೊಸ ಕಾರ್ಬೊರೇಟರ್ ತಂದು ಹಾಕುವವರಿದ್ದಾರೆ.

ಬಾಟಲಿಯನ್ನು ಬೆಳಕಿಗೆ ಹಿಡಿದರೆ ಪೆಟ್ರೋಲಿನ ಅಡಿಯಲ್ಲಿ ಬೇರೆಯೇ ಒಂದು ಪದರ, ಮಬ್ಬಾಗಿ. ಗೌಡರು ಬಗ್ಗಿ ನೋಡಿದರು.

'ನೀರು ಹಾಕವ್ರೆ ಬಂಕ್‌ನೋರು.'

'ಅವ್ರು ಹಾಕಿಲ್ಲ ಗೌಡ್ರೇ. ನಿಮ್ ಮಳೇನೇ ಹಾಕಿದ್ದು.'

ಭಾಯ್ ಹೇಳಿದ್ದು ಸರಿ. ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ 2022ರಲ್ಲಿ ಶೇ 10ಕ್ಕೆ, 2025ಕ್ಕೆ ಶೇ 20ಕ್ಕೆ ಮುಟ್ಟಿತು. ಬೆಳಗಾವಿ, ಮಂಡ್ಯದ ಕಡೆಯ ಕಬ್ಬಿನ ಬಾಬತ್ತೂ ಇದರಲ್ಲಿ ಸೇರಿದೆ. ಎಥನಾಲಿಗೆ ನೀರೆಂದರೆ ಪ್ರೀತಿ. ಮಲೆನಾಡಿನ ನಾಲ್ಕು ತಿಂಗಳ ತೇವದ ಗಾಳಿಯಿಂದ, ಅರೆಖಾಲಿ ಟ್ಯಾಂಕಿನ ಗೋಡೆಗೆ ಕಟ್ಟುವ ಹನಿಯಿಂದ ಅದು ನೀರು ಹೀರುತ್ತಾ ಹೋಗುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಟ್ಯಾಂಕಿನ ಪೈಪ್ ಹೊರಡುವುದೂ ತಳದಿಂದಲೇ. ದಿನಾ ಓಡುವ ಬೈಕಿಗೆ ಇದು ತೊಂದರೆಯಲ್ಲ, ಪೆಟ್ರೋಲ್ ಹಳತಾಗುವ ಮೊದಲೇ ಉರಿದು ಹೋಗಿರುತ್ತದೆ. ಮಳೆಗಾಲ ಪೂರ್ತಿ ಮಲಗುವ ಎಟಿವಿಗೆ ಮಾತ್ರ ಇದು ಪಕ್ಕಾ ಕಾಯಿಲೆ.

ಕಾರ್ಬೊರೇಟರ್ ಬಿಚ್ಚಿ ಬಂತು. ಅಂಗೈಯಲ್ಲಿ ಕೂರುವಷ್ಟೇ ಗಾತ್ರ. ಅಡಿಯ ಬಟ್ಟಲು ತೆಗೆದರೆ ತಳದಲ್ಲಿ ಬಿಳಿ ಪುಡಿ, ಅದರ ಮೇಲೆ ಹಸಿರುಗಟ್ಟಿದ ಅಂಟು, ನಡುವೆ ಗುಂಡಗೆ ಹೊರಳುವ ಎರಡು ನೀರಹನಿ. ಭಾಯ್ ಫ್ಲೋಟಿನ ಪಿನ್ನು ಜಾರಿಸಿ ನೀಡಲ್ ಎತ್ತಿ, ಅದರ ರಬ್ಬರ್ ತುದಿಯ ಮೇಲೆ ಉಗುರು ಆಡಿಸಿದರು. ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಈ ತುದಿ ಸವೆದರೆ ಬಟ್ಟಲು ತುಂಬಿದ ಮೇಲೂ ಪೆಟ್ರೋಲ್ ನಿಲ್ಲುವುದಿಲ್ಲ. ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಸುರಿದರೆ ಪುಣ್ಯ, ಕಣ್ಣಿಗಾದರೂ ಕಾಣುತ್ತದೆ. ಇಲ್ಲದಿದ್ದರೆ ಇಂಜಿನ್ನಿನೊಳಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಅವರು ಆಯಿಲ್ ಕಡ್ಡಿ ತೆಗೆದು ಮೂಸಿ, ಗೌಡರ ಮೂಗಿಗೂ ಹಿಡಿದರು. ಪೆಟ್ರೋಲ್ ವಾಸನೆ. ಅಂಥ ಆಯಿಲ್‌ನಲ್ಲಿ ಇಂಜಿನ್ ಓಡಿಸಿದರೆ ಬೇರಿಂಗು, ಪಿಸ್ಟನ್ನು ಎರಡಕ್ಕೂ ಕೇಡು.

'ಬಂಡಿ ನಿಲ್ಸಿದ್ಮೇಲೆ ಪೆಟ್ರೋಲ್ ಕಾಕ್ ಯಾರು ಬಂದ್ ಮಾಡೋದು?'

ಟೀ ತಂದ ಹುಡುಗ ಬೇರೆ ಕಡೆ ನೋಡಿದ.

ಸ್ಲೋ ಜೆಟ್ ಕೊನೆಗೆ ಬಂತು. ಹಿತ್ತಾಳೆಯ ಸಣ್ಣ ಕಡ್ಡಿ. ನಡುವಿನ ರಂಧ್ರ ಅರ್ಧ ಮಿಲಿಮೀಟರಿಗೂ ಕಡಿಮೆ. ಭಾಯ್ ಅದನ್ನು ಎರಡು ಬೆರಳಲ್ಲಿ ಹಿಡಿದು ಆಕಾಶಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಬೆಳಕಿಲ್ಲ. ಹುಡುಗ ಗುಂಡುಸೂಜಿ ಹುಡುಕತೊಡಗಿದ. ಭಾಯ್ ಗದರಿದರು. ಸೂಜಿ ಉಕ್ಕು, ಜೆಟ್ ಹಿತ್ತಾಳೆ. ತುರುಕಿ ತಿರುಗಿಸಿದರೆ ರಂಧ್ರ ದೊಡ್ಡದಾಗುತ್ತದೆ, ಆಮೇಲೆ ಆ ಬಂಡಿ ಜೀವಮಾನವಿಡೀ ಕಪ್ಪು ಹೊಗೆ ಕಾರುತ್ತದೆ. ಜೆಟ್ಟು, ಬಟ್ಟಲು, ಬಾಡಿ ಎಲ್ಲವನ್ನೂ ಕಾರ್ಬೊರೇಟರ್ ಕ್ಲೀನರ್ ಸುರಿದ ಡಬ್ಬಿಯಲ್ಲಿ ನೆನೆಹಾಕಿದರು. ರಬ್ಬರ್ ರಿಂಗುಗಳನ್ನು ಮೊದಲೇ ಬೇರೆ ಇಟ್ಟಿದ್ದರು, ಕ್ಲೀನರಿನಲ್ಲಿ ಅವು ಉಬ್ಬುತ್ತವೆ. ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುನ್ನ ಅದನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದುಕೊಂಡರು. ಒಂದೂವರೆ.

ಡಬ್ಬಿ ತನ್ನ ಕೆಲಸ ಮಾಡಿಕೊಳ್ಳಲಿ ಎಂದು ಬಿಟ್ಟು ಬ್ರೇಕಿಗೆ ಕೂತರು. ನನಗೆ ಆ ಶೆಡ್ಡಿನಲ್ಲಿ ನೋಡಲು ಸಿಕ್ಕಿದ್ದರಲ್ಲಿ ಹೆಚ್ಚಿನದು ಇಲ್ಲಿಂದ ಮುಂದಿನದೇ.

ಈ ಬಂಡಿಗಳ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ಲಿಗೆ ಕೂತಿವೆ. ಕಾರಿನ ಹಾಗೆ ನಡುವೆ ಡಿಫರೆನ್ಷಿಯಲ್ ಇಲ್ಲ. ಆದ್ದರಿಂದ ಆಕ್ಸಲ್ ಮೇಲೆ ಒಂದೇ ಡಿಸ್ಕ್ ಇದ್ದರೂ ಎರಡು ಚಕ್ರ ನಿಲ್ಲುತ್ತವೆ, ಕೆಟ್ಟರೆ ಎರಡೂ ಕೆಡುತ್ತವೆ. ಅದೇ ಆಕ್ಸಲ್ ಮೇಲೆ, ಡಿಸ್ಕಿಗೆ ಗೇಣು ದೂರದಲ್ಲಿ, ಚೈನಿನ ಸ್ಪ್ರಾಕೆಟ್. ಭಾಯ್ ಡಿಸ್ಕ್ ಮೇಲೆ ಬೆರಳೆಳೆದು ಗೌಡರಿಗೆ ತೋರಿಸಿದರು, ಬೆರಳ ತುದಿ ಮಿರುಗುತ್ತಿತ್ತು. ತುಕ್ಕು ಹಿಡಿಯದಿರಲಿ ಎಂದು ಹುಡುಗ ಚೈನಿಗೆ ಹಳೇ ಇಂಜಿನ್ ಆಯಿಲ್ ಧಾರಾಳವಾಗಿ ಸುರಿದಿದ್ದ. ಅದು ಹಾರಿ ಡಿಸ್ಕಿಗೆ, ಡಿಸ್ಕಿನಿಂದ ಪ್ಯಾಡಿಗೆ. ಎಣ್ಣೆ ಕುಡಿದ ಪ್ಯಾಡನ್ನು ಮರಳುಕಾಗದದಲ್ಲಿ ಉಜ್ಜುವುದು, ಬೆಂಕಿಗೆ ಹಿಡಿಯುವುದು ಎಲ್ಲ ಮೆಕ್ಯಾನಿಕ್‌ಗಳಲ್ಲಿ ಬಳಕೆಯಲ್ಲಿರುವ ಉಪಾಯಗಳೇ. ಮೇಲ್ಮೈ ಒಣಗಿದಂತೆ ಕಾಣುತ್ತದೆ, ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಒಸರುತ್ತದೆ. ಭಾಯ್ ಪ್ಯಾಡ್ ಜೋಡಿಯನ್ನು ಸ್ಕ್ರ್ಯಾಪ್ ಬಕೆಟಿಗೆ ಎಸೆದರು. ಗೌಡರ ಮುಖ ಚಿಕ್ಕದಾಯಿತು. ಹೊಸ ಪ್ಯಾಡ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕು. ಹೆಸರು ಹೇಳಿದರೆ ಸಿಗುವುದಿಲ್ಲ, ಹಳೆಯದನ್ನೇ ಒಯ್ದು ಅಳತೆ ಹಿಡಿದು ನೋಡಬೇಕು. ಬಕೆಟ್‌ನಿಂದ ಅವನ್ನೇ ಮತ್ತೆ ಹೆಕ್ಕಿ ಪೇಪರಿನಲ್ಲಿ ಸುತ್ತಿ ಕೊಟ್ಟರು. ಆ ಸಂಜೆಯೇ ಬಸ್ಸು ಹತ್ತುವ ಒಬ್ಬ ಸೋದರಳಿಯ ಗೌಡರಿಗಿದ್ದ.

ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದಾಗ ಒಳಗಿದ್ದದ್ದು ಕಾಫಿ ಡಿಕಾಕ್ಷನ್ ಬಣ್ಣದ ದ್ರವ. ಬ್ರೇಕ್ ಆಯಿಲ್ ಹೊಸತಿದ್ದಾಗ ತಿಳಿಜೇನಿನಷ್ಟು ತೆಳುಬಣ್ಣದ್ದು. ಅದೂ ಎಥನಾಲಿನ ಗುಣದ್ದೇ, ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಕುಡಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಪ್ಯಾಡ್ ಒತ್ತುವ ಕ್ಯಾಲಿಪರ್ ಕಾದು, ಒಳಗಿನ ನೀರು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ದ್ರವದ ಹಾಗೆ ತಳ್ಳುವುದಿಲ್ಲ. ಮೇಲೆ ಲಿವರ್ ಹಿಡಿಗೆ ಬಂದು ತಾಗುತ್ತದೆ, ಕೆಳಗೆ ಬಂಡಿ ಇಳಿಯುತ್ತಲೇ ಇರುತ್ತದೆ.

ಕ್ಯಾಲಿಪರಿನ ಒಂದು ಸ್ಲೈಡ್ ಪಿನ್ ತುಕ್ಕಿಗೆ ಕಚ್ಚಿಕೊಂಡಿತ್ತು. ಅದನ್ನು ಉಜ್ಜಿ, ಬ್ರೇಕಿಗೆಂದೇ ಬರುವ ಗ್ರೀಸ್ ಸವರಿದರು. ಪಿಸ್ಟನ್ನಿನ ರಬ್ಬರನ್ನು ತೊಳೆದದ್ದು ಬ್ರೇಕ್ ಆಯಿಲ್‌ನಲ್ಲೇ, ಪೆಟ್ರೋಲ್ ತಗುಲಿದರೆ ರಬ್ಬರ್ ಊದಿಕೊಂಡು ಪಿಸ್ಟನ್ ಹಿಡಿದುಬಿಡುತ್ತದೆ. ಮರುದಿನ ಹೊಸ ಪ್ಯಾಡ್ ಬಂದ ಮೇಲೆ ಬ್ಲೀಡಿಂಗ್, ಅಂದರೆ ಒಳಗಿನ ಗಾಳಿ, ಹಳೇ ದ್ರವ ಹೊರಹಾಕುವುದು. ನಿಪ್ಪಲ್ಲಿಗೆ ಸಣ್ಣ ರಿಂಗ್ ಸ್ಪ್ಯಾನರ್, ಅದರ ಮೂತಿಗೆ ಪಾರದರ್ಶಕ ಪೈಪು, ಪೈಪಿನ ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿ. ಹುಡುಗ ಲಿವರಿನ ಹತ್ತಿರ, ಭಾಯ್ ಕೆಳಗೆ.

'ಒತ್ತು... ಹಿಡ್ಕೊ.'

ನಿಪ್ಪಲ್ ಕಾಲು ಸುತ್ತು ಸಡಿಲ. ಪೈಪಿನಲ್ಲಿ ಕಂದು ದ್ರವ, ಅದರ ನಡುವೆ ಸಾಲಾಗಿ ಗುಳ್ಳೆ. ನಿಪ್ಪಲ್ ಬಿಗಿ.

'ಬಿಡು.'

ಬಿಗಿ ಮಾಡುವ ಮುಂಚೆ ಲಿವರ್ ಬಿಟ್ಟರೆ ಅದೇ ಗಾಳಿ ವಾಪಸ್ ಒಳಗೆ. ಹುಡುಗ ಮೊದಲೆರಡು ಸಲ ಹಾಗೇ ಮಾಡಿ ಬೈಸಿಕೊಂಡು ಆಮೇಲೆ ತಾಳಕ್ಕೆ ಬಂದ. ಮೇಲೆ ಮಾಸ್ಟರ್ ಸಿಲಿಂಡರ್ ಖಾಲಿಯಾಗದಂತೆ ಗೌಡರೇ ಡಾಟ್ 4 ಸುರಿಯುತ್ತಾ ನಿಂತರು. ಒಂದು ತೊಟ್ಟು ಮಡ್‌ಗಾರ್ಡಿಗೆ ಬಿದ್ದಾಗ ಭಾಯ್ ಮಗ್ಗಿನ ನೀರು ಸುರಿದು ಒರೆಸಿದರು, ಬಿಟ್ಟರೆ ಅದು ಬಣ್ಣ ತಿನ್ನುತ್ತದೆ. ಕಂದು ಹೋಗಿ ತಿಳಿ ಬಂತು. ಗುಳ್ಳೆ ಒಂದೊಂದಾಗಿ, ಆಮೇಲೆ ಇಲ್ಲ. ಲಿವರ್ ಅರ್ಧದಲ್ಲೇ ಕಲ್ಲಿನಷ್ಟು ಗಟ್ಟಿಯಾಗಿ ನಿಂತಿತು. ಹುಡುಗ ಮತ್ತೆ ಮತ್ತೆ ಒತ್ತಿ ನೋಡಿದ, ಕೆಲಸಕ್ಕಲ್ಲ, ಖುಷಿಗೆ.

ಮುಂದಿನವು ಡ್ರಮ್ ಬ್ರೇಕು. ಒಂದು ಲಿವರಿನಿಂದ ಎರಡು ಕೇಬಲ್ ಕವಲೊಡೆದು ಎರಡು ಚಕ್ರಕ್ಕೆ ಹೋಗುತ್ತವೆ. ಹಳ್ಳ ದಾಟಿಸುವಾಗ ಡ್ರಮ್ಮಿನೊಳಗೆ ಹೊಕ್ಕ ಕೆಸರುನೀರು ಅಲ್ಲೇ ಉಳಿದು ಶೂ ಅಗಲಿಸುವ ಕ್ಯಾಮ್ ತುಕ್ಕು ಹಿಡಿದಿತ್ತು. ಲಿವರ್ ವಾಪಸ್ ಬಾರದಿದ್ದದ್ದು ಅದಕ್ಕೆ. ಡ್ರಮ್ ತೆಗೆದಾಗ ಭಾಯ್ ಅಭ್ಯಾಸಬಲದಿಂದ ಬಾಯಿಂದಲೇ ಧೂಳು ಊದಿದರು. ಇದನ್ನು ಯಾರೂ ಮಾಡಬಾರದು. ಹಳೆಯ, ಅಗ್ಗದ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವುದಕ್ಕೆ ಎಷ್ಟು ಹೊತ್ತು ಬೇಕು? ಎಡ ಬಲ ಕೇಬಲ್ಲುಗಳ ಅಡ್ಜಸ್ಟರ್ ತಿರುಗಿಸಿ, ಚಕ್ರ ಎತ್ತಿ ಸುತ್ತಿಸಿ, ಎರಡೂ ಒಂದೇ ಬಿಗಿಯಲ್ಲಿ ಹಿಡಿಯುವವರೆಗೆ ಅವರು ಬಿಡಲಿಲ್ಲ. ಒಂದು ಕಡೆ ಮೊದಲು ಹಿಡಿದರೆ ಬಂಡಿ ಆ ಕಡೆಗೇ ಎಳೆಯುತ್ತದೆ. ತೋಟದ ದಾರಿಯಲ್ಲಿ ಆ ಕಡೆ ಚರಂಡಿಯೋ ಮರವೋ ಇದ್ದೇ ಇರುತ್ತದೆ.

ಹಸಿರು ಬಂಡಿ ನಗೆ ಬರಿಸಿತು. ಬ್ಯಾಟರಿ ಹೋಗಿದೆ ಎಂದು ಗೌಡರು ಹೊಸ ಬ್ಯಾಟರಿ ಹಾಕಿಸಿಯೇ ತಂದಿದ್ದರು. ಆದರೂ ಸ್ಟಾರ್ಟರ್ ತಿರುಗದು. ಭಾಯ್ ಬ್ರೇಕ್ ಲಿವರ್ ಒತ್ತಿ ಹಿಂದಿನ ದೀಪ ನೋಡಿದರು, ಹತ್ತಲಿಲ್ಲ. ಇಂಥ ಬಂಡಿಗಳಲ್ಲಿ ಬ್ರೇಕ್ ಹಿಡಿಯದೆ ಸ್ಟಾರ್ಟ್ ಆಗಬಾರದೆಂದು ಲಿವರಿನ ಬುಡದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದಕ್ಕೆ ತುಕ್ಕು ಹಿಡಿದಿತ್ತು. ಬಿಚ್ಚಿ ಉಜ್ಜಿ ಹಾಕಿದ ಕೂಡಲೇ ದೀಪವೂ ಹತ್ತಿತು, ಸ್ಟಾರ್ಟರೂ ತಿರುಗಿತು. ಆ ಸ್ವಿಚ್ಚಿನ ವೈರನ್ನು ನೇರ ಜೋಡಿಸಿ ಕೈತೊಳೆದುಕೊಳ್ಳುವುದು ಇನ್ನೂ ಸುಲಭವಿತ್ತು. ಗೌಡರು ಹಾಗೆ ಅಂದರು ಕೂಡ. ಭಾಯ್ ಒಪ್ಪಲಿಲ್ಲ. ಗೇರಿನಲ್ಲಿರುವ ಬಂಡಿಯ ಮೇಲೆ ಮಗುವೊಂದು ಹತ್ತಿ ಗುಂಡಿ ಒತ್ತಿದರೆ ಏನಾಗುತ್ತದೆಂದು ಕೇಳಿದ್ದಕ್ಕೆ ಗೌಡರಲ್ಲಿ ಉತ್ತರವಿರಲಿಲ್ಲ.

ಇಷ್ಟಾದ ಮೇಲೆ ಕಾರ್ಬೊರೇಟರ್. ಡಬ್ಬಿಯಿಂದ ಎತ್ತಿದ ಜೆಟ್ಟಿಗೆ ಕಂಪ್ರೆಸರ್ ಗಾಳಿ ಬಿಟ್ಟು ಮತ್ತೆ ಆಕಾಶಕ್ಕೆ ಹಿಡಿದರು. ಈ ಸಲ ಚುಕ್ಕೆಯಷ್ಟು ಬೆಳಕು. ಹೊಸ ನೀಡಲ್, ಹೊಸ ಇಂಜಿನ್ ಆಯಿಲ್, ತೊಳೆದ ಟ್ಯಾಂಕಿಗೆ ಹೊಸ ಪೆಟ್ರೋಲ್, ಸ್ಕ್ರೂ ಒಂದೂವರೆ ಸುತ್ತು. ಕೆಂಪು ಬಂಡಿ ಚೋಕಿನಲ್ಲಿ ಹತ್ತಿ, ಚೋಕ್ ಬಿಟ್ಟ ಮೇಲೂ ಉಸಿರಾಡಿತು. ಆದರೆ ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಭಾಯ್ ಕ್ಲೀನರ್ ಸ್ಪ್ರೇಯನ್ನು ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ಜೋಡಣೆಯ ಸುತ್ತ ಒಂದಿಷ್ಟು ಹಾರಿಸಿದರು. ಒಂದು ಜಾಗದಲ್ಲಿ ಸದ್ದು ಥಟ್ಟನೆ ಬದಲಾಯಿತು. ಕಳ್ಳಗಾಳಿ ಅಲ್ಲಿಂದ. ಒಳಗಿನ ಓ-ರಿಂಗ್ ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. ಬಿಡಿಭಾಗದ ಡಬ್ಬಿಯಲ್ಲಿ ಅಳತೆಗೆ ಹೊಂದುವ ಇನ್ನೊಂದು ಸಿಕ್ಕಿತು. ಇಂಜಿನ್ ಬಿಸಿ ಇರುವಾಗ ಈ ಸ್ಪ್ರೇ ಬೆಂಕಿ ಹತ್ತಬಲ್ಲದು, ಹಾಗಾಗಿ ಮನೆಯಲ್ಲಿ ಮಾಡುವವರು ತಣ್ಣಗಿರುವಾಗಲೇ, ಬಯಲಿನಲ್ಲೇ ಮಾಡಬೇಕು.

ಕೊನೆಯ ಪರೀಕ್ಷೆ ಶೆಡ್ಡಿನ ಹಿಂದಿನ ಇಳಿಜಾರಿನಲ್ಲಿ ನಡೆಯಿತು. ಇಂಜಿನ್ ಆರಿಸಿ, ಹುಡುಗನನ್ನು ದೂರ ನಿಲ್ಲಿಸಿ, ಭಾಯ್ ತಾವೇ ಕೂತು ಬಂಡಿ ಉರುಳಬಿಟ್ಟು ಹಿಂದಿನದು ಬೇರೆ, ಮುಂದಿನದು ಬೇರೆ ಹಿಡಿದು ನೋಡಿದರು. ಆಮೇಲೆ ಸ್ಟಾರ್ಟ್ ಮಾಡಿ, ಹೆಬ್ಬೆರಳ ಥ್ರಾಟಲ್ ಒತ್ತಿ ಥಟ್ಟನೆ ಬಿಟ್ಟರು. ಅದು ತಾನಾಗಿ ಹಿಂದಕ್ಕೆ ಹಾರಿತು. ಹಿಂದಿನ ಕಿಲ್ ಸ್ವಿಚ್ಚಿನ ಹಗ್ಗ ಎಳೆದರು, ಇಂಜಿನ್ ಆರಿತು. ಕೂಲಿ ಎಷ್ಟೆಂದು ಗೌಡರು ಕೇಳಿದಾಗ ಸಾಮಾನಿನ ಬಿಲ್ ಕೊಟ್ಟು, ಮಿಕ್ಕದ್ದು ನಿಮ್ಮಿಷ್ಟ ಅಂದರು. ಗೌಡರು ಜಿಪುಣತನ ಮಾಡಲಿಲ್ಲ. ಹೊರಡುವಾಗ ಭಾಯ್ ಹೇಳಿದ್ದು ಇಷ್ಟೇ, ಮುಂದಿನ ಮಳೆಗಾಲಕ್ಕೆ ಮುಂಚೆ ಟ್ಯಾಂಕು, ಕಾರ್ಬೊರೇಟರ್ ಬಟ್ಟಲು ಎರಡನ್ನೂ ಖಾಲಿ ಮಾಡಿ ಮಲಗಿಸಿ, ಕಾಕ್ ಬಂದ್ ಮಾಡಿ.

ಈ ರಜೆಯಲ್ಲಿ ಯಾವುದಾದರೂ ತೋಟದಲ್ಲಿ ಎಟಿವಿ ಹತ್ತುವವರು ಒಂದು ನಿಮಿಷ ನಿಲ್ಲಿ. ಇಂಜಿನ್ ಆರಿಸಲು ಹೇಳಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿಸಿ, ಎರಡೂ ಬ್ರೇಕನ್ನು ಒಂದೊಂದಾಗಿ ಹಿಡಿದು ಬಂಡಿಯನ್ನು ತಳ್ಳಿ ನೋಡಿ. ಥ್ರಾಟಲ್ ಒತ್ತಿ ಬಿಟ್ಟು, ಅದು ವಾಪಸ್ ಬರುತ್ತದೋ ನೋಡಿ. ಹೆಲ್ಮೆಟ್ ಕೇಳಿ. ಒಬ್ಬರಿಗೆಂದು ಮಾಡಿದ ಬಂಡಿಯ ಮೇಲೆ ಮಗುವನ್ನು ಮುಂದೆ ಕೂರಿಸಿಕೊಳ್ಳಬೇಡಿ. ಬ್ರೇಕ್ ಹಿಡಿದಾಗಲೂ ಚಕ್ರ ಉರುಳಿದರೆ ಸಂಕೋಚ ಬೇಡ, ಇಳಿದು ದುಡ್ಡು ವಾಪಸ್ ಕೇಳಿ.